ಹೊರೆಯಿಲ್ಲದೆ ಘಟ್ಟ ಹತ್ತಿದವಳು

ಮುಂಬಯಿಯಿಂದ ಬಂದ ಆಗಬೋಟು ಕಾರವಾರದ ಬಂದರಿನಾಚೆ ಲಂಗರು ಹಾಕಿದಾಗ ಹೊನ್ನಿಯನ್ನು ಹಿಡಿದು ದೋಣಿಗೆ ಇಳಿಸಲು ಇಬ್ಬರು ಖಲಾಸಿಗಳು ಬಂದರು. ಅವಳು ಬೇಡವೆಂದಳು. ಹೋಗುವಾಗ ಇದೇ ಏಣಿಯಲ್ಲಿ ಅವಳನ್ನು ಅಕ್ಕಿಮೂಟೆಯಂತೆ ಹೊತ್ತು ಹತ್ತಿಸಿದ್ದರು. ಬರುವಾಗ ನನ್ನ ಕಾಲ ಮೇಲೆ ನಾನೇ ಇಳಿಯುತ್ತೇನೆ ಎಂದು ರತ್ನಾಗಿರಿ ದಾಟಿದಾಗಿನಿಂದ ಅವಳು ಅಂದುಕೊಳ್ಳುತ್ತಲೇ ಇದ್ದಳು. ಬೆನ್ನು ಬಾಗುತ್ತಿರಲಿಲ್ಲವಾದ್ದರಿಂದ ಕೆಳಗಿನ ಮೆಟ್ಟಿಲು ಕಣ್ಣಿಗೆ ಸಿಗುತ್ತಿರಲಿಲ್ಲ. ಅಂಗಾಲಿನಲ್ಲೇ ತಡಕುತ್ತ ಇಳಿದಳು.

ದಂಡೆಯಲ್ಲಿ ಗಂಡ ಸುಕ್ರ ನಿಂತಿದ್ದ. ಅವನ ಹಿಂದೆ ಸೀರೆ ಸುತ್ತಿಕೊಂಡ ಎಳೆಯ ಹುಡುಗಿಯೊಬ್ಬಳಿದ್ದಳು. ಅದು ತನ್ನ ಮಗಳು ಕಮಲಿ ಎಂದು ಗುರುತಾಗಲು ಹೊನ್ನಿಗೆ ಒಂದು ಗಳಿಗೆ ಬೇಕಾಯಿತು. ಬಿಟ್ಟು ಹೋಗುವಾಗ ಅವಳು ಕೋಳಿಮರಿಗಳ ಹಿಂದೆ ಓಡುತ್ತಿದ್ದ ಪುಟ್ಟ ಹುಡುಗಿ. ಹೊನ್ನಿ ಹತ್ತಿರ ಹೋಗಿ ಕೆನ್ನೆ ಮುಟ್ಟಿದಳು. ಕಮಲಿ ನಕ್ಕಳೇನೋ ಹೌದು, ಆದರೆ ಅವ್ವೆಯ ಕೈ ಭುಜದಿಂದ ಬೆನ್ನಿಗೆ ಜಾರುವಷ್ಟರಲ್ಲಿ ಒಂದು ಹೆಜ್ಜೆ ಹಿಂದೆ ಸರಿದುಬಿಟ್ಟಳು. ಎರಡು ವರ್ಷ ಕಣ್ಣಿಗೆ ಬೀಳದ ಅವ್ವೆ, ಸಲಿಗೆ ತಪ್ಪಿದೆ ಎಂದುಕೊಂಡಳು ಹೊನ್ನಿ. ಮೂವರೂ ಅಂಕೋಲೆಯ ಮೋಟಾರು ಹತ್ತಿದರು.

ಅವರದು ಬೊಬ್ರುವಾಡದ ಮನೆ. ತಲೆತಲಾಂತರದಿಂದ ಒಡೆಯರ ಗದ್ದೆಯಲ್ಲಿ ದುಡಿದು ಉಂಡವರು. ಕರ ಕೊಡುವುದಿಲ್ಲವೆಂದು ಅಂಕೋಲೆಯ ಸೀಮೆಯೆಲ್ಲ ಎದ್ದು ನಿಂತ ವರ್ಷ ಒಡೆಯರ ಗದ್ದೆ ಜಪ್ತಿಗೆ ಹೋಯಿತು, ಒಡೆಯರು ಸೆರೆಮನೆಗೆ ಹೋದರು, ಅವರ ಗದ್ದೆಯಲ್ಲಿ ನಟ್ಟಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು. ಸುಕ್ರ ಸಿಕ್ಕಲ್ಲಿ ಕೂಲಿಗೆ ನಿಂತ. ಹೊನ್ನಿ ಅತ್ತಿಗೆ ಗಂಗಿಯ ಜೊತೆ ಹೊರೆ ಹೊರಲು ಹೊರಟಳು. ಗಂಗಿ ಸುಕ್ರನ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು ಇದ್ದವಳು. ಇಬ್ಬರೂ ಕೇಣಿಯ ದಂಡೆಯಲ್ಲಿ ಒಣಮೀನು ಕೊಂಡು ಹೆಡಗೆಗೆ ತುಂಬಿ, ಹಟ್ಟಿಕೇರಿ ಹಳ್ಳದ ಗುಂಟ ನಡೆದು, ಕಾಡಿನ ಕಾಲುದಾರಿ ಹಿಡಿದು ಘಟ್ಟ ಹತ್ತುತ್ತಿದ್ದರು. ಮೇಲೆ ಕಾಡಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಕುಣಬಿಗಳ ಕೇರಿಯಲ್ಲಿ ಮೀನು ಕೊಟ್ಟು ಅಕ್ಕಿ, ಸೀಗೆಕಾಯಿ, ಜೇನು ತರುತ್ತಿದ್ದರು. ಹತ್ತುವ ದಿನ ಒಂದು, ಇಳಿಯುವ ದಿನ ಒಂದು.

ಹೊನ್ನಿಗೆ ಆ ಏರು ಇಷ್ಟವಾಗಿತ್ತು. ಇದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಹೊರೆ ಹೊರುವುದು ಇಷ್ಟವೆಂದರೆ ಉಳಿದ ಹೆಂಗಸರು ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಅವಳಿಗೆ ಇಷ್ಟವಾದದ್ದು ಹೊರೆಯಲ್ಲ. ಕೆಳಗಿನ ಸೆಕೆ ಹಿಂದೆ ಬಿದ್ದು ಕಾಡಿನ ತಂಪು ಮೈಗೆ ತಾಗುವ ಹೊತ್ತು, ಕಾಲು ತನ್ನಷ್ಟಕ್ಕೆ ಕಲ್ಲು ಆರಿಸಿಕೊಳ್ಳುತ್ತ ಹೋಗುವುದು, ಉಸಿರು ಒಂದು ಲಯಕ್ಕೆ ಕೂತ ಮೇಲೆ ಮನಸ್ಸು ಹಗುರಾಗುವುದು. ಮನೆಯಲ್ಲಾಗಲಿ ಗದ್ದೆಯಲ್ಲಾಗಲಿ ಅವಳಿಗೆ ಸಿಕ್ಕದ್ದು ಅಲ್ಲಿ ಸಿಗುತ್ತಿತ್ತು. ಗುಂಪಿನಲ್ಲಿ ಯಾವಾಗಲೂ ಮೊದಲು ಮೇಲೆ ಮುಟ್ಟುವವಳು ಅವಳೇ.

ಒಂದು ಮಳೆಗಾಲ ಕೆಮ್ಮು ಹಿಡಿದು ಬಹಳ ದಿನ ಬಿಡಲಿಲ್ಲ. ಅದು ಹೋದ ಮೇಲೆ ಬೆನ್ನು ನೋಯತೊಡಗಿತು. ಹೊರೆ ಹೊತ್ತವರಿಗೆ ಬೆನ್ನು ನೋಯದೆ ಇನ್ನೇನು ಎಂದು ಎಣ್ಣೆ ತಿಕ್ಕಿಸಿಕೊಂಡಳು, ಬಿಸಿ ಕಲ್ಲು ಇಟ್ಟುಕೊಂಡಳು, ಮತ್ತೆ ಹೊರೆ ಹೊತ್ತಳು. ಒಂದು ದಿನ ಘಟ್ಟದ ಬುಡದಲ್ಲಿ ಕಾಲಲ್ಲಿ ಇರುವೆ ಹರಿದಂತಾಗಿ ಕೂತವಳು ಏಳಲಿಲ್ಲ. ಕಾಲು ಇದ್ದೂ ಇಲ್ಲದಂತಾಗಿತ್ತು. ಕಂಬಳಿಯ ಜೋಲಿ ಕಟ್ಟಿ ಊರಿಗೆ ಹೊತ್ತು ತಂದರು. ಕಾರವಾರದ ದವಾಖಾನೆಯ ಡಾಕ್ಟರು ನೋಡಿ, ಬೆನ್ನಿನ ಎಲುಬನ್ನು ರೋಗ ತಿಂದಿದೆ, ಇದಕ್ಕೆ ಕತ್ತಿ ಹಾಕುವವರು ಇರುವುದು ಮುಂಬಯಿಯಲ್ಲಿ ಎಂದರು. ಸುಕ್ರನ ತಮ್ಮ ಸೋಮ ಮುಂಬಯಿಯ ಗಿರಣಿಯಲ್ಲಿದ್ದ. ಅವನ ಆಸರೆ ನಂಬಿಕೊಂಡು ಅವಳನ್ನು ಅಲ್ಲಿನ ಧರ್ಮಾಸ್ಪತ್ರೆಗೆ ಸೇರಿಸಿದರು.

ಅಲ್ಲಿ ಅವಳ ಮೊಣಕಾಲ ಕೆಳಗಿನ ಎಲುಬಿನ ಒಂದು ಸೀಳು ತೆಗೆದು ಬೆನ್ನೆಲುಬಿಗೆ ಕೂರಿಸಿದರು. ಕುತ್ತಿಗೆಯಿಂದ ಸೊಂಟದವರೆಗೆ ಗಾರೆಯಂಥ ಪಟ್ಟಿ ಸುತ್ತಿ ಮಲಗಿಸಿದರು. ಗಾರೆ ಒಣಗಿ ಕಲ್ಲಾಯಿತು. ಅದರೊಳಗೆ ಬೆವರಿ, ತುರಿಸಿ, ನೆತ್ತಿಯ ಮೇಲಿನ ಜಂತಿ ನೋಡುತ್ತ ತಿಂಗಳುಗಟ್ಟಲೆ ಕಳೆದಳು. ಸುತ್ತಲಿನವರ ಮರಾಠಿ ಅರ್ಥವಾಗುವ ಹೊತ್ತಿಗೆ ಎಡಬದಿಯ ಮಂಚದವಳು ಸತ್ತು ಅಲ್ಲಿಗೆ ಬೇರೆಯವಳು ಬಂದಿದ್ದಳು, ಅವಳೂ ಸತ್ತಳು. ಹೊನ್ನಿ ಕಣ್ಣು ಮುಚ್ಚಿ ಘಟ್ಟ ಹತ್ತುತ್ತಿದ್ದಳು. ಹಟ್ಟಿಕೇರಿಯಿಂದ ಹೊರಟು ಒಂದೊಂದು ತಿರುವನ್ನೂ ನೆನೆದುಕೊಂಡು ಮೇಲೆ ಹೋಗುತ್ತಿದ್ದಳು. ಎಲ್ಲೋ ಒಂದು ಕಡೆ ದಾರಿ ಮರೆತುಹೋದರೆ ಎದೆ ಹಾರಿ, ಮತ್ತೆ ಕೆಳಗಿನಿಂದ ಹೊರಡುತ್ತಿದ್ದಳು. ಒಂದು ದಿನ ಹೆಬ್ಬೆರಳು ಆಡಿತು. ಆಮೇಲೆ ಪಾದ. ಎಬ್ಬಿಸಿ ನಿಲ್ಲಿಸಿದ ದಿನ ಅವಳು ಅತ್ತದ್ದು ನೋವಿಗಲ್ಲ.

ಬಿಡುವಾಗ ಚರ್ಮದ ಪಟ್ಟಾ ಕಟ್ಟಿ, ಸಪಾಟು ನೆಲದಲ್ಲಿ ಎಷ್ಟು ಬೇಕಾದರೂ ನಡೆ, ಹೊರೆ ಮಾತ್ರ ಜನ್ಮದಲ್ಲಿ ಹೊರಬೇಡ ಎಂದು ಹೇಳಿ ಕಳಿಸಿದರು.

ಊರಿಗೆ ಬಂದವಳಿಗೆ ಮನೆಯಲ್ಲಿ ಮಾಡಲು ಕೆಲಸವಿರಲಿಲ್ಲ. ನೀರು ಸೇದುವಂತಿಲ್ಲ, ಅಂಗಳ ಸಾರಿಸುವಂತಿಲ್ಲ. ಅವಳ ಹೆಡಗೆ ಕಮಲಿಯ ತಲೆಗೆ ಏರಿತ್ತು. ಹೊನ್ನಿ ಹೋದ ಮರುವರ್ಷದಿಂದಲೇ ಗಂಗಿ ಹುಡುಗಿಯನ್ನು ಘಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದಳಂತೆ. ಸುಕ್ರ ಇದನ್ನು ಹೇಳುವಾಗ ಹೆಂಡತಿಯ ಮುಖ ನೋಡಲಿಲ್ಲ. ಉಣ್ಣಬೇಕಲ್ಲ ಎಂದಷ್ಟೇ ಅಂದ. ಹೊನ್ನಿಯೂ ಆ ವಯಸ್ಸಿನಲ್ಲಿ ಸೌದೆಯ ಹೊರೆ ಹೊತ್ತವಳೇ. ತಪ್ಪೆನ್ನಲು ಬಾಯಿ ಬರಲಿಲ್ಲ.

ಆದರೆ ಮಗಳು ಹತ್ತಿರ ಬರಲೊಲ್ಲಳು. ರಾತ್ರಿ ಅತ್ತೆ ಗಂಗಿಯ ಗುಡಿಸಲಿಗೆ ಮಲಗಲು ಹೋಗುತ್ತಿದ್ದಳು. ಮೀಯಿಸುತ್ತೇನೆ ಬಾ ಎಂದರೆ ತಾನೇ ಮೀಯುತ್ತೇನೆ ಎನ್ನುತ್ತಿದ್ದಳು. ಅವ್ವೆಯ ಬೆನ್ನಿನ ಕಲೆಯನ್ನು ಕೇರಿಯ ಮಕ್ಕಳೆಲ್ಲ ನೋಡಿ ಹೋದರೂ ಕಮಲಿ ನೋಡಲಿಲ್ಲ. ಹೊನ್ನಿ ಪಟ್ಟಾ ಬಿಚ್ಚಿದ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದಳು. ಹೇಸಿಗೆ ಇರಬೇಕು, ಇಲ್ಲವೆ ತನ್ನ ಪಾಲಿನ ಹೊರೆ ಹೊರಬೇಕಾಯಿತೆಂಬ ಸಿಟ್ಟು ಇರಬೇಕು ಎಂದು ಹೊನ್ನಿ ಒಳಗೊಳಗೇ ಬೆಂದಳು.

ನಡೆಯುವುದೊಂದು ಉಳಿದಿತ್ತು. ಬೆಳಕು ಹರಿಯುತ್ತಲೇ ಕೇಣಿಯ ದಂಡೆಗೆ ಹೋಗಿ ನೀರಂಚಿನ ಗಟ್ಟಿ ಮರಳಿನಲ್ಲಿ ನಡೆದಳು. ಮೊದಮೊದಲು ಎಳೆದು ಹಾಕಿದ ದೋಣಿಗಳವರೆಗೆ ಹೋಗಿ ಅವುಗಳಿಗೆ ಒರಗಿ ನಿಂತು ತಿರುಗುತ್ತಿದ್ದಳು. ಬಲೆ ಬಿಡಿಸುವವರು ಮುಂಬಯಿಯ ಎಲುಬು ಬಂತು ನೋಡಿ ಎಂದು ನಗೆಯಾಡಿದರು. ಆಮೇಲೆ ಮೆತ್ತನೆಯ ಮರಳಿನಲ್ಲಿ ನಡೆದಳು. ಆಮೇಲೆ ಊರ ಹಿಂದಿನ ಗುಡ್ಡದ ಬೋಳು ಕಲ್ಲಿನ ದಾರಿಯಲ್ಲಿ. ಏರುವಾಗ ಬೆನ್ನು ಒಂದೇ ಹಲಗೆಯಂತೆ ನೆಟ್ಟಗೆ ನಿಲ್ಲುತ್ತಿತ್ತು. ಬಾಗುವ ಕೆಲಸವನ್ನೆಲ್ಲ ಸೊಂಟವೂ ಮೊಣಕಾಲೂ ಮಾಡಬೇಕಾಗಿತ್ತು. ಅದನ್ನೂ ಕಲಿತಳು. ಮಾವಿನ ಕಾಯಿ ಬಲಿಯುವ ಹೊತ್ತಿಗೆ ಗುಡ್ಡದ ನೆತ್ತಿಗೆ ಹೋಗಿ ಮೂಡಣದ ಘಟ್ಟದ ಸಾಲು ನೋಡಿ ಬಂದು, ಮಳೆ ಹಿಡಿಯುವ ಮುಂಚೆ ಒಂದು ಸಲ ಘಟ್ಟ ಹತ್ತುತ್ತೇನೆ ಎಂದಳು.

ಸುಕ್ರ ಬೇಡವೆಂದ. ಮತ್ತೆ ಕಾಲು ಹೋದರೆ ಹೊತ್ತು ತರಲು ತನ್ನಲ್ಲಿ ಶಕ್ತಿಯಿಲ್ಲ ಎಂದ. ಹೊರೆ ಹೊರುವುದಿಲ್ಲ, ಸುಮ್ಮನೆ ಜೊತೆಗೆ ಹೋಗಿ ಬರುತ್ತೇನೆ ಎಂದು ಹೊನ್ನಿ ಪಟ್ಟು ಹಿಡಿದಳು. ಗಂಗಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದವಳು ಬಾಯಿ ತೆರೆದಳು.

"ಬರಿತಲೇಲಿ ಘಟ್ಟ ಹತ್ತೋರು ಬಿಳಿ ಸಾಯ್ಬರು ಮಾತ್ರ. ನಿಂಗೆ ಅಲ್ಲಿ ಎಂತ ಕೆಲ್ಸ ಹೊನ್ನಿ?"

"ಎಂತ ಇಲ್ಲ ಅತ್ಗೆ. ನಡೀಬೇಕು ಅನ್ಸ್ತದೆ."

ಗಂಗಿ ಮತ್ತೆ ಎಲೆ ಅಡಿಕೆ ಜಗಿಯತೊಡಗಿದಳು. ಕಮಲಿ ಮಾತ್ರ ಮೂಲೆಯಿಂದ, ಅವ್ವೆ ಬರುವುದು ಬೇಡ ಎಂದು ಎರಡು ಸಲ ಹೇಳಿದಳು. ಯಾಕೆ ಎಂದು ಕೇಳಿದ್ದಕ್ಕೆ ಎದ್ದು ಹೊರಗೆ ಹೋದಳು.

ಹೊರಟ ದಿನ ಬಾನು ತಿಳಿಯಾಗಿತ್ತು. ಕೇರಿಯ ಬೇರೆ ಹೆಂಗಸರು ಮುಂದೆ ಹೋದರು; ಹೊನ್ನಿಯ ಹೆಜ್ಜೆಗೆ ಹೊಂದಿಕೊಂಡು ಗಂಗಿ ಹಿಂದುಳಿದಳು. ಕಮಲಿಗೆ ಮುಂದಿನವರ ಜೊತೆ ಹೋಗುವ ಮನಸ್ಸಿತ್ತು, ಆದರೆ ಆಗುತ್ತಿರಲಿಲ್ಲ. ಸ್ವಲ್ಪ ಮುಂದೆ ಹೋಗುವಳು, ಮರಕ್ಕೆ ಕೈಕೊಟ್ಟು ನಿಲ್ಲುವಳು, ಅವ್ವೆ ಕಣ್ಣಿಗೆ ಬಿದ್ದ ಕೂಡಲೇ ಮತ್ತೆ ಹೊರಡುವಳು. ಅವಳು ಹೀಗೆಯೇ, ಮೈಗಳ್ಳಿ ಎಂದು ಗಂಗಿ ಗೊಣಗಿದಳು. ಇತ್ತೀಚೆಗೆ ಪ್ರತಿ ಸಲವೂ ಎಲ್ಲರಿಗಿಂತ ಕೊನೆಗೆ ಮೇಲೆ ಮುಟ್ಟುತ್ತಾಳಂತೆ. ಒಂದೆರಡು ಸಲ ಸಿಟ್ಟು ಬಂದು ಬೆನ್ನಿಗೆ ಏಟು ಬಿಟ್ಟಿದ್ದೂ ಉಂಟಂತೆ.

ಹೊನ್ನಿ ಅದನ್ನು ಅರ್ಧಂಬರ್ಧ ಕೇಳಿಸಿಕೊಂಡಳು. ಹಳ್ಳ ದಾಟಿ ಏರು ಶುರುವಾಗಿತ್ತು. ಮೊದಲ ಏರಿನಲ್ಲಿ ಎದೆ ಒಡೆಯುವಂತಾಯಿತು. ಚರ್ಮದ ಪಟ್ಟಾ ಪಕ್ಕೆಗೆ ಕೊರೆಯಿತು. ಎರಡನೆಯದರಲ್ಲಿ ನಿಂತು ನಿಂತು ಹೋದಳು. ಆಮೇಲೆ ಎಲ್ಲೋ, ಅವಳು ನೋಡದೇ ಇದ್ದಾಗ, ಉಸಿರು ತನ್ನ ಲಯಕ್ಕೆ ಬಂದು ಕೂತಿತು. ಕಾಲು ಕಲ್ಲು ಆರಿಸತೊಡಗಿತು. ತರಗೆಲೆಯ ವಾಸನೆ, ಎಲ್ಲೋ ಮರಕುಟಿಗ ಮರ ಕುಟ್ಟುವ ಸದ್ದು, ತಲೆಯ ಮೇಲೆ ಏನೂ ಇಲ್ಲದ ಹಗುರ. ಇಷ್ಟು ದಿನ ಮಂಚದ ಮೇಲೆ ಕಣ್ಣು ಮುಚ್ಚಿ ಹತ್ತಿದ ದಾರಿ ಕಾಲಡಿಗೆ ಸಿಕ್ಕಿತ್ತು. ತಾನು ಸಾಯಲಿಲ್ಲ ಎಂಬುದು ಅವಳಿಗೆ ಅಲ್ಲಿ ಗಟ್ಟಿಯಾಯಿತು. ಅವಳು ಗಂಗಿಯನ್ನು ಹಿಂದೆ ಹಾಕಿ ಮಗಳ ಬೆನ್ನಿಗೇ ಬಂದಳು.

ಮುಂದೆ ದಾರಿಗೆ ಅಡ್ಡವಾಗಿ ಒಂದು ಬೇರು ಚಾಚಿತ್ತು. ಅದನ್ನು ದಾಟುವಾಗ ಕಮಲಿ ಮುಗ್ಗರಿಸಿದಳು. ಹೆಡಗೆ ಜಾರಿತು, ಅದನ್ನು ಹೇಗೋ ಹಿಡಿದು ಪಕ್ಕದ ಬಂಡೆಯ ಮೇಲೆ ಇಳಿಸಿದಳು. ತಲೆಯ ಸಿಂಬೆ ನೆಲಕ್ಕೆ ಬಿತ್ತು. ಹುಡುಗಿ ಅದನ್ನು ಎತ್ತಿಕೊಂಡ ರೀತಿ ಹೊನ್ನಿಯ ಕಣ್ಣಿಗೆ ಬಿತ್ತು. ಅವಳು ಬಾಗಲಿಲ್ಲ. ಕಂಬದಂತೆ ನೆಟ್ಟಗೆ ಇದ್ದುಕೊಂಡೇ ಮೊಣಕಾಲು ಮಡಚಿ ಕುಕ್ಕರಿಸಿದಳು, ಒಂದು ಕೈಯಿಂದ ಸಿಂಬೆ ತಡಕಿದಳು, ಇನ್ನೊಂದು ಕೈಯನ್ನು ತೊಡೆಯ ಮೇಲೆ ಊರಿ, ಮುದುಕಿಯಂತೆ ತನ್ನ ಮೈಯನ್ನು ತಾನೇ ಮೇಲಕ್ಕೆ ನೂಕಿಕೊಂಡಳು.

ಹೊನ್ನಿ ಆ ರೀತಿಯನ್ನು ಬಲ್ಲಳು. ಕಾರವಾರದ ದವಾಖಾನೆಯಲ್ಲಿ ಡಾಕ್ಟರು ಮೊದಲ ದಿನ ಒಂದು ಕೀಲಿಕೈಯನ್ನು ನೆಲಕ್ಕೆ ಹಾಕಿ ಅದನ್ನು ಎತ್ತಿಕೊಡು ಎಂದಿದ್ದರು. ಆಗ ಅವಳ ಕಾಲಿಗೆ ಸ್ವಲ್ಪ ಬಲ ಮರಳಿತ್ತು, ಯಾರಾದರೂ ಹಿಡಿದರೆ ನಿಲ್ಲುತ್ತಿದ್ದಳು. ಅವಳು ಎತ್ತಿದ್ದು ಹೀಗೆಯೇ. ಅಷ್ಟರಿಂದಲೇ ಅವರಿಗೆ ರೋಗ ತಿಳಿದುಹೋಗಿತ್ತು.

ಅವಳು ಸೊಂಟದ ಎಲೆ ಅಡಿಕೆಯ ಚೀಲ ಬಿಚ್ಚಿ ಮಗಳ ಕಾಲ ಬಳಿ ಹಾಕಿದಳು. ಎತ್ತಿಕೊಡು ಎಂದಳು. ಕಮಲಿ ಚೀಲವನ್ನು ನೋಡಿದಳು, ಅವ್ವೆಯ ಮುಖ ನೋಡಿದಳು.

"ನೀನೇ ಎತ್ಕಾ" ಎಂದಳು.

"ಯಾವಾಗಿಂದ?"

"ಎಂತದು?"

"ಬೆನ್ನು ನೋವು ಯಾವಾಗಿಂದ ಕಮಲೀ?"

ಹುಡುಗಿ ಸಿಂಬೆಯನ್ನು ಬೆರಳಿಗೆ ಸುತ್ತಿಕೊಂಡಳು. "ಚೌತಿ ಹಬ್ಬದಿಂದ. ನೀ ಬರೂಕಿಂತ ಮುಂಚೆ."

"ಹೇಳ್ಲಿಲ್ಲ ಎಂತಕೆ?"

"ಹೇಳಿದ್ರೆ ನನ್ನೂ ಆಗಬೋಟಿಗೆ ಹಾಕ್ತ್ರಿ. ನನ್ ಕಾಲು ಕೊಯ್ದು ಬೆನ್ನಿಗೆ ಹಾಕ್ತ್ರು."

ಗಂಗಿ ಅಷ್ಟರಲ್ಲಿ ಬಂದು ಮುಟ್ಟಿದ್ದಳು. ಮೊದಲು ಅವಳಿಗೆ ಏನೂ ತಿಳಿಯಲಿಲ್ಲ. ಹೊನ್ನಿ ಮಗಳ ರವಿಕೆಯನ್ನು ಹಿಂದಿನಿಂದ ಮೇಲೆತ್ತಿ ನೋಡಿದಳು. ಭುಜದೆಲುಬುಗಳ ನಡುವಿನಿಂದ ಬೆರಳು ಇಳಿಸುತ್ತ ಹೋದಾಗ ನಡುಬೆನ್ನಿನಲ್ಲಿ ಒಂದು ಗಂಟು, ಚರ್ಮದ ಕೆಳಗೆ ಹುಣಸೆಬೀಜ ಇಟ್ಟಂತೆ, ಸ್ವಲ್ಪವೇ ಹೊರಗೆ ಬಂದಿತ್ತು. ಅದಕ್ಕೆ ಬೆರಳು ತಾಗಿದ ಕೂಡಲೇ ಹುಡುಗಿ ಉಸಿರು ಎಳೆದುಕೊಂಡಳು. ಅದೇ ಗಂಟು ತನ್ನ ಬೆನ್ನಿನಲ್ಲಿ ಎಲ್ಲಿ ಇತ್ತೋ ಅಲ್ಲೇ. ಗಂಗಿಯೂ ನೋಡಿದಳು. ತಲೆಯ ಹೆಡಗೆ ಇಳಿಸದೆಯೇ ಬಂಡೆಗೆ ಒರಗಿದಳು.

"ನಾ ಕಳ್ಳಾಟ ಅಂದ್ಕಂಡೆ ಹೊನ್ನಿ. ಇವ್ಳಿಗೆ ನಾ ಹೊಡ್ದೆ."

ಹೊನ್ನಿ ಅವಳಿಗೆ ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. ಅರ್ಧ ವರ್ಷ ಒಂದೇ ಅಂಗಳದಲ್ಲಿ ಓಡಾಡಿಕೊಂಡಿದ್ದು, ಮಗಳು ದೂರ ಸರಿಯುತ್ತಾಳೆಂದು ಬೇಸರಪಟ್ಟುಕೊಂಡವಳು ತಾನು. ಒಂದು ಸಲ ಹಿಡಿದು ನಿಲ್ಲಿಸಿ ಬೆನ್ನು ಮುಟ್ಟಿದ್ದರೆ ಆಗುತ್ತಿತ್ತು. ಬೇರೆಯವರಿಗೆ ಏನೆನ್ನುವುದು.

ಹೆಂಗಸರು ಮೇಲೆ ಕಾಯುತ್ತಿದ್ದರು. ಗಂಗಿಯ ಮೀನು ಮೇಲೆ ಮುಟ್ಟದಿದ್ದರೆ ಆ ವಾರ ಎರಡೂ ಮನೆಗೆ ಅಕ್ಕಿಯಿಲ್ಲ. ಹೊನ್ನಿಯೇ ಅವಳನ್ನು ಹೋಗು ಎಂದು ಕಳಿಸಿದಳು. ಕಮಲಿಯ ಹೆಡಗೆಯನ್ನು ಅಲ್ಲೇ ಬಿಟ್ಟುಬಿಡು, ನರಿ ತಿಂದರೆ ತಿನ್ನಲಿ ಎಂದು ಗಂಗಿ ಹೇಳಿ ಹೋದಳು. ಅವಳು ತಿರುವಿನಲ್ಲಿ ಮರೆಯಾದ ಮೇಲೆ ಹೊನ್ನಿ ಸಿಂಬೆ ತಲೆಗಿಟ್ಟು ಬಂಡೆಯ ಪಕ್ಕಕ್ಕೆ ನಿಂತಳು, ಮೊಣಕಾಲು ತಗ್ಗಿಸಿ ಹೆಡಗೆಯನ್ನು ತಲೆಗೆ ಎಳೆದುಕೊಂಡಳು. ಬೇಡ ಅವ್ವೆ ಎಂದು ಕಮಲಿ ಅಳತೊಡಗಿದಳು. ಹೊನ್ನಿ ಎದ್ದಳು. ಏನೂ ಆಗಲಿಲ್ಲ. ಮುಂಬಯಿಯವರು ಹಾಕಿದ ಎಲುಬು ತೊಲೆಯಂತೆ ಭಾರ ಹೊತ್ತು ನಿಂತಿತು. ತನ್ನ ಬೆನ್ನು ಇಷ್ಟು ಗಟ್ಟಿಯಿರುವುದಕ್ಕೆ ಅವಳಿಗೆ ನಾಚಿಕೆಯಾಯಿತು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಗಿತ್ತು. ಕಮಲಿಗೆ ಒಂದು ಕೋಲು ಮುರಿದುಕೊಟ್ಟಿದ್ದಳು. ಈಗ ಮುಚ್ಚಿಡುವಂಥದ್ದು ಏನೂ ಉಳಿಯದ್ದರಿಂದ ಹುಡುಗಿ ನೋವಾದಾಗ ನೋವೆಂದಳು, ಕೂರಬೇಕೆಂದಾಗ ಕೂತಳು. ರಾತ್ರಿ ಮಗ್ಗುಲು ಬದಲಿಸುವಾಗ ಕೂಗು ಬರುತ್ತದೆಂದೇ ಅತ್ತೆಯ ಗುಡಿಸಲಿನಲ್ಲಿ ಮಲಗುತ್ತಿದ್ದುದಾಗಿ, ಅತ್ತೆಗೆ ಕಿವಿ ಮಂದವೆಂದು ಹೇಳಿದಳು. ಕಾಲಿನಲ್ಲಿ ಇರುವೆ ಹರಿಯುತ್ತದೆಯೇ ಎಂದು ಹೊನ್ನಿ ಕೇಳಿದಳು. ಇಲ್ಲ ಎಂದಳು. ಆ ಒಂದು ಮಾತನ್ನು ಹಿಡಿದುಕೊಂಡು ಹೊನ್ನಿ ಬೊಬ್ರುವಾಡದವರೆಗೆ ನಡೆದಳು.

ಸುಕ್ರ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ಹೆಂಡತಿಯ ತಲೆಯ ಮೇಲಿನ ಹೆಡಗೆ ಕಂಡು ಬೈಯಲು ಬಾಯಿ ತೆರೆದವನು, ಹಿಂದೆ ಕೋಲೂರಿ ಬಂದ ಮಗಳನ್ನು ಕಂಡು ಕತ್ತಿ ಕೆಳಗಿಟ್ಟ.

ಮರುದಿನವೇ ಕಾರವಾರಕ್ಕೆ ಹೋದರು. ದವಾಖಾನೆಯಲ್ಲಿ ಅದೇ ಡಾಕ್ಟರು ಇದ್ದರು. ಹೊನ್ನಿ ನಡೆದು ಬಂದುದನ್ನು ಕಂಡು ಅವರ ಮುಖ ಅರಳಿತು. ಆಮೇಲೆ ಕಮಲಿಯನ್ನು ಬೋರಲು ಮಲಗಿಸಿ ನೋಡಿದರು. ಎದೆಗೆ ನಳಿಗೆ ಇಟ್ಟು ಕೇಳಿದರು. ಮಗು ಮೊದಲು ಯಾರ ಜೊತೆ ಮಲಗುತ್ತಿತ್ತು ಎಂದು ವಿಚಾರಿಸಿದರು. ನನ್ನ ಜೊತೆಗೆ, ನನ್ನದೇ ಚಾಪೆಯಲ್ಲಿ ಎಂದಳು ಹೊನ್ನಿ. ಮುಂಬಯಿಗೆ ಹೋಗುವ ಮುಂಚಿನ ಮಳೆಗಾಲ ಕೆಮ್ಮಿತ್ತಲ್ಲ, ಆಗಲೂ? ಆಗಲೂ. ಡಾಕ್ಟರು ತಲೆಯಾಡಿಸಿ ಕೈ ತೊಳೆಯಲು ಹೋದರು.

"ಹೊರೆ ಹೊತ್ತಿದ್ದಕ್ಕೆ ಆದದ್ದಲ್ವಾ?" ಎಂದು ಹೊನ್ನಿ ಅವರ ಬೆನ್ನಿಗೆ ಕೇಳಿದಳು.

ಹೊರೆಯಿಂದ ಹೆಚ್ಚಾಗಿದೆ, ಹೊರೆಯಿಂದ ಬಂದದ್ದಲ್ಲ ಎಂದರು ಅವರು. ಇದು ಕ್ಷಯ. ಎದೆಗೆ ಬರುವುದು ಕೆಲವರಿಗೆ ಎಲುಬಿಗೆ ಇಳಿಯುತ್ತದೆ. ಕೆಮ್ಮಿನಿಂದ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ನಿನಗೆ ಯಾರಿಂದ ಬಂತೋ ದೇವರೇ ಬಲ್ಲ ಎಂದು ಅವರು ಮೆಲ್ಲಗೆ ಸೇರಿಸಿದರು, ಆದರೆ ಹೊನ್ನಿಗೆ ಬೇಕಾದದ್ದು ಅದಾಗಿರಲಿಲ್ಲ. ಬೆಳೆಯುವ ಮಗುವಿಗೆ ಕತ್ತಿ ಬೇಡ. ಗಟ್ಟಿ ಹಲಗೆಯ ಮೇಲೆ ಅಂಗಾತ ಮಲಗಿಸಿ ಇಡಬೇಕು. ಎರಡು ವರ್ಷ, ಮೂರು ವರ್ಷ, ಎಷ್ಟಾಗುತ್ತದೋ. ಉಣ್ಣಲೂ ಏಳಬಾರದು, ಬಹಿರ್ದೆಸೆಗೂ ಏಳಬಾರದು. ಬಿಸಿಲು, ಹಾಲು, ಮೊಟ್ಟೆ, ಮೀನೆಣ್ಣೆ. ಮೂಳೆ ತಾನಾಗಿ ಕೂಡಿಕೊಂಡರೆ ಬದುಕುತ್ತಾಳೆ.

ಕತ್ತಿ ಇಲ್ಲವೆಂದು ಕಮಲಿಯ ಮುಖ ಬೆಳಗಿತು. ಉಳಿದದ್ದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಮನೆಗೆ ಬಂದ ಸುಕ್ರ ಮುಂಬಾಗಿಲಿನ ಕದವನ್ನು ತಿರುಗಣೆಯಿಂದ ಕಿತ್ತು ಇಳಿಸಿದ. ಮನೆಯಲ್ಲಿ ಅಷ್ಟು ಉದ್ದದ ಮರ ಇದ್ದದ್ದು ಅದೊಂದೇ. ಅದಕ್ಕೆ ಕಾಲು ಹೊಡೆದು, ನಡುವೆ ಒಂದು ಕಂಡಿ ಕೊರೆದು, ಅದರ ಮೇಲೆ ಗೋಣಿ ಹಾಸಿ ಜಗಲಿಯಲ್ಲಿ ಇಟ್ಟ. ಬಾಗಿಲಿಗೆ ತೆಂಗಿನ ಗರಿಯ ತಡಿಕೆ ಕಟ್ಟಿದ. ಆ ಮಳೆಗಾಲ ಇರಚಲು ಒಳಗೆಲ್ಲ ಬಂತು. ಆದರೆ ಸುಕ್ರ ಒಂದು ದಿನವೂ ಹೊನ್ನಿಗೆ, ಇದು ನಿನ್ನಿಂದ ಬಂದದ್ದು ಎನ್ನಲಿಲ್ಲ. ಅಂದಿದ್ದರೆ ಅವಳು ಜಗಳವಾಡಿ, ಅತ್ತು, ಹಗುರಾಗುತ್ತಿದ್ದಳೇನೋ.

ಹಾಲು, ಮೊಟ್ಟೆ ಎಂದರೆ ಸುಕ್ರನ ಕೂಲಿಗೆ ಎಟಕುವ ಮಾತಲ್ಲ. ಮಳೆ ಹಿಂದೆಗೆದು ದಾರಿ ಒಣಗಿದ ಮೇಲೆ ಹೊನ್ನಿ ಹೆಡಗೆ ತಲೆಗಿಟ್ಟುಕೊಂಡಳು. ಜನ್ಮದಲ್ಲಿ ಹೊರಬೇಡ ಎಂದಿದ್ದನ್ನು ಸುಕ್ರನೂ ಕೇಳಿದ್ದ, ಗಂಗಿಯೂ ಕೇಳಿದ್ದಳು; ಯಾರೂ ನೆನಪು ಮಾಡಲಿಲ್ಲ. ಗಂಗಿ ಅವಳ ಹೊರೆ ಇಳಿಯಲೆಂದು ಹೆಡಗೆಯಿಂದ ಕದ್ದು ಒಂದೆರಡು ಹಿಡಿ ಮೀನು ತನ್ನದಕ್ಕೆ ಹಾಕಿಕೊಳ್ಳುತ್ತಿದ್ದಳು, ಅಷ್ಟೇ. ಹೊನ್ನಿ ಮೊದಲಿನಂತೆಯೇ ಘಟ್ಟ ಹತ್ತಿದಳು. ಕಾಲು ಕಲ್ಲು ಆರಿಸಿಕೊಳ್ಳುತ್ತಿತ್ತು, ಉಸಿರು ಲಯಕ್ಕೆ ಬರುತ್ತಿತ್ತು. ಮೈ ಹಾಗೆ ತನ್ನಷ್ಟಕ್ಕೆ ಸುಖಪಡುವಾಗ ಅವಳು ಬೇಕೆಂದೇ ಹೆಜ್ಜೆ ತಪ್ಪಿಸಿ ಉಸಿರು ಕೆಡಿಸಿಕೊಳ್ಳುತ್ತಿದ್ದಳು.

ಇಳಿದು ಬಂದ ಸಂಜೆ, ಮಗಳು ಮಲಗಿದ ಕದದ ಪಕ್ಕ ಕೂತು, ಅವಳ ತಲೆ ಬಾಚುತ್ತ ದಾರಿಯ ಸುದ್ದಿ ಹೇಳುತ್ತಿದ್ದಳು. ಯಾವ ಮರ ಬಿದ್ದಿದೆ, ಹಳ್ಳದಲ್ಲಿ ನೀರು ಎಷ್ಟಿದೆ, ಕಾಡುಕೋಣದ ಹೆಜ್ಜೆ ಎಲ್ಲಿ ಕಂಡಿತು, ಕುಣಬಿಯವಳ ಮಗುವಿಗೆ ಹಲ್ಲು ಬಂತು. ಮುಂಬಯಿಯ ಮಂಚದಲ್ಲಿ ತನ್ನನ್ನು ಬದುಕಿಸಿದ್ದು ಆ ದಾರಿ. ಮಗಳನ್ನೂ ಬದುಕಿಸೀತು ಎಂದು ಅವಳ ಲೆಕ್ಕ. ಕಮಲಿ ಮಾಡಿನ ಕಡೆ ನೋಡುತ್ತ ಕೇಳುತ್ತಿದ್ದಳು. ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಕೇಣಿಯವರೊಬ್ಬರು ಕೊಟ್ಟ ಹಳೆಯ ಬಲೆಯನ್ನು ಎದೆಯ ಮೇಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುವುದನ್ನು ಅವಳು ಮಲಗಿಕೊಂಡೇ ಕಲಿತಿದ್ದಳು.

ಎರಡನೆಯ ವರ್ಷ ಅವಳ ತೊಡೆಯಲ್ಲಿ ಬಾವು ಬಂದು ಒಡೆಯಿತು. ಕೀವು ಸೋರಿ ನಿಲ್ಲಲಿಲ್ಲ. ಜ್ವರದಲ್ಲಿ ಹುಡುಗಿ ಕಡ್ಡಿಯಾದಳು. ಡಾಕ್ಟರು ಒಂದು ಸಲ ತಾವೇ ಅಂಕೋಲೆಗೆ ಬಂದಾಗ ಬೊಬ್ರುವಾಡಕ್ಕೂ ಬಂದು ನೋಡಿ, ಇನ್ನೊಂದು ವರ್ಷ ಎಂದು ಹೇಳಿ ಹೋದರು. ಅದರ ಮರುವಾರ ಹೊನ್ನಿ ಘಟ್ಟದಿಂದ ಇಳಿದು ಬಂದು ಎಂದಿನಂತೆ ಬಾಚಣಿಗೆ ಹಿಡಿದು ಕೂತಳು. ಮೇಲಿನ ಹಾದಿಯಲ್ಲಿ ಸುರಗಿ ಹೂ ಬಿಟ್ಟಿದೆ, ನಾಲ್ಕು ತಂದಿದ್ದೇನೆ ಎಂದು ಮಡಿಲು ಬಿಚ್ಚಿದಳು.

"ಅವ್ವೆ, ಘಟ್ಟದ ಸುದ್ದಿ ಬ್ಯಾಡ" ಎಂದಳು ಕಮಲಿ.

ಹೊನ್ನಿಯ ಕೈ ನಿಂತಿತು.

"ನಿಂಗೆ ಹತ್ತೂಕೆ ಖುಷಿ. ನೀ ಹೇಳೂಕೆ ಶುರು ಮಾಡ್ದಾಗ ಗೊತ್ತಾಗ್ತದೆ. ನಂಗೆ ಯಾವತ್ತೂ ಖುಷಿ ಇರ್ಲಿಲ್ಲ. ಬೆನ್ನು ನೋಯ್ತಿತ್ತು, ಅತ್ತೆ ಹೊಡಿತಿದ್ಲು. ಅದ್ನೇ ಮತ್ತೆ ಮತ್ತೆ ಹೇಳ್ಬ್ಯಾಡ."

ಸಿಟ್ಟಿನಿಂದ ಹೇಳಿದ್ದಲ್ಲ. ಬಾಯಾರಿದೆ, ನೀರು ಕೊಡು ಎಂದಂತೆ ಹೇಳಿದಳು. ಹೊನ್ನಿ ಹೂವನ್ನು ಮಡಿಲಲ್ಲೇ ಸುತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ತಲೆ ಬಾಚುವಾಗ ಇಬ್ಬರೂ ಸುಮ್ಮನಿರತೊಡಗಿದರು. ಬಹಳ ದಿನಗಳ ಮೇಲೆ ಕಮಲಿಯೇ ತಾನು ಹೆಣೆದ ಬಲೆಯ ಮಾತು ತೆಗೆದಳು; ಯಾವ ನೂಲು ಬೇಗ ಹರಿಯುತ್ತದೆ, ಯಾರ ದೋಣಿಯ ಬಲೆ ಹೇಗೆ ಹರಿದು ಬರುತ್ತದೆ ಎಂದು. ಹೊನ್ನಿ ಕೇಳಿಸಿಕೊಂಡಳು. ಅವಳಿಗೆ ಬಲೆಯ ವಿಷಯ ಏನೂ ಗೊತ್ತಿರಲಿಲ್ಲ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಬಾವು ಒಣಗಿತು, ಜ್ವರ ಬಿಟ್ಟಿತು. ಡಾಕ್ಟರು ಕೂರಿಸಬಹುದು ಎಂದರು. ಕೂತರೆ ಕಣ್ಣು ಕತ್ತಲೆ ಬರುತ್ತಿತ್ತು. ಅದೂ ಹೋಯಿತು. ಒಂದು ಬೆಳಿಗ್ಗೆ ಕಮಲಿ ಕಾಲು ನೆಲಕ್ಕೆ ಇಳಿಬಿಟ್ಟು, ನಿಲ್ಲುತ್ತೇನೆ ಎಂದಳು. ಹೊನ್ನಿ ಹಿಂದಿನಿಂದ ಎರಡೂ ಕಂಕುಳಿಗೆ ಕೈ ಕೊಟ್ಟಳು.

"ಬಿಡು" ಎಂದಳು ಮಗಳು.

ಹೊನ್ನಿ ಬಿಟ್ಟಳು. ಮೂಳೆ ಕೂಡಿಕೊಂಡಿತ್ತು, ಬಾಗಿ ಕೂಡಿಕೊಂಡಿತ್ತು. ಬೆನ್ನಿನ ನಡುವೆ ಗೂನು ಎದ್ದು, ಎದೆ ಮುಂದಕ್ಕೆ ಚಾಚಿ, ಹದಿನಾರರ ಹುಡುಗಿ ಹತ್ತು ವರ್ಷದವಳ ಎತ್ತರಕ್ಕೆ ನಿಂತಿದ್ದಳು. ಒಂದು ಕಾಲು ಎಳೆಯುತ್ತಿತ್ತು. ಗೋಡೆ ಹಿಡಿದು ಜಗಲಿ ಇಳಿದಳು. ಅಂಗಳ ದಾಟಿ ಬಾವಿಯ ಕಡೆ ಹೊರಟಳು. ಸುಕ್ರ ಬಾವಿಕಟ್ಟೆಯ ಹತ್ತಿರ ಕೈಕಟ್ಟಿ ನಿಂತಿದ್ದವನು, ಮುಂದೆ ಬರಲೋ ಬೇಡವೋ 	ತಿಳಿಯದೆ ಅಲ್ಲೇ ಕೂತುಬಿಟ್ಟ. ಕೇರಿಯ ಹೆಂಗಸರು ಬೇಲಿಯಾಚೆ ಬಂದು ನಿಂತರು. ಕಮಲಿ ಯಾರ ಕಡೆಗೂ ನೋಡಲಿಲ್ಲ. ಬಾವಿ ಮುಟ್ಟಿ, ಕಟ್ಟೆಯ ಮೇಲೆ ಕೈಯೂರಿ ಉಸಿರು ತೆಗೆದುಕೊಂಡು, ತಿರುಗಿ ಬಂದಳು. ಬಿಸಿಲು ನೆತ್ತಿಗೆ ಬರುವ ಹೊತ್ತಾಗಿತ್ತು. ಕದದ ಮೇಲೆ ಕೂತು, ಬೆವರು ಒರೆಸಿಕೊಂಡು, ಬಲೆ ಎಳೆದುಕೊಂಡಳು.

ಅಂದು ಘಟ್ಟದ ದಿನ. ಹೊತ್ತು ಮೀರಿದ್ದರೂ ಗಂಗಿ ಬೇಲಿಯ ದಣಪೆಯಾಚೆ ಕಾದು ನಿಂತಿದ್ದಳು. ಒಳಗೆ ಬಂದು ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಹೊನ್ನಿ ಹೆಡಗೆ ತಲೆಗಿಟ್ಟುಕೊಂಡು ಹೊರಬಿದ್ದಳು. ಇಬ್ಬರೂ ಹಟ್ಟಿಕೇರಿಯ ದಾರಿಗೆ ಬಿದ್ದರು.

"ನಡದ್ಲಾ?" ಎಂದು ಕೇಳಿದಳು ಗಂಗಿ.

"ನಡದ್ಲು."

ಗಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಾದ ಹಾದಿಯಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು ನಡೆದರು.